ಹಿಂಬದಿಯನ್ನು ಓದುವವರು ಯಾರು?

ನಾನು ಊರಿಗೆ ಹಿಂತಿರುಗಿ ಮೂರು ವಾರವಾಯಿತು. ತಮ್ಮನಿಂದ ಒಂದು ಫೋನು ಕೂಡ ಇಲ್ಲ. ನಮ್ಮಿಬ್ಬರ ನಡುವೆ ಬಿರುಕು ತಂದದ್ದು ಆಸ್ತಿಯಲ್ಲ, ಪಾಲುಪಟ್ಟಿಯಲ್ಲ. ಅಂಗೈಯಗಲದ ಒಂದು ರಟ್ಟಿನ ಚೂರು. ಅಣ್ಣತಮ್ಮಂದಿರ ಜಗಳವನ್ನು ಪತ್ರಿಕೆಯ ಜಗಲಿಗೆ ತರುವುದು ಸಭ್ಯರ ಲಕ್ಷಣವಲ್ಲವೆಂದು ನಾನು ಬಲ್ಲೆ. ಆದರೆ ಅವನು ಹೂಡಿದ ವಾದ ಅವನೊಬ್ಬನದಲ್ಲ. ಇಂದು ಲೋಕವೆಲ್ಲ ಆಡುತ್ತಿರುವ ವಾದ. ಆದ್ದರಿಂದ ಉತ್ತರವನ್ನೂ ಲೋಕದ ಮುಂದೆಯೇ ಹೇಳುವುದು ಯುಕ್ತವೆಂದು ತೋರಿತು.

ತಮ್ಮನಿರುವುದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ. ಈ ಸಲದ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದಾಗ ನೆರೆಮನೆಯ ವೃದ್ಧರೊಬ್ಬರು ಮನೆ ಮಾರಿ ಮಗಳ ಊರಿಗೆ ಹೊರಟು ನಿಂತಿದ್ದರು. ಹೋಗುವಾಗ ಒಂದು ಹಳೆಯ ಬೂಟಿನ ಪೆಟ್ಟಿಗೆಯನ್ನು ನನ್ನ ತಮ್ಮನ ಹನ್ನೊಂದು ವರ್ಷದ ಮಗನ ಕೈಗಿತ್ತು, "ಆಡಿಕೋ ಮಗು" ಎಂದರು. ಪೆಟ್ಟಿಗೆಯ ತುಂಬ ಅವರು ಬಾಲ್ಯದಲ್ಲಿ ಕೂಡಿಸಿದ್ದ ಬೇಸ್‌ಬಾಲ್ ಕಾರ್ಡುಗಳು.

ಬೇಸ್‌ಬಾಲ್ ನಮ್ಮ ಆಟವಲ್ಲ. ಆದರೆ ಅದರ ಕಾರ್ಡೆಂದರೆ ಏನೆಂದು ತಿಳಿಯುವುದು ಕಷ್ಟವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಸಿಗರೇಟು ಪೊಟ್ಟಣ ನಲುಗದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಆಟಗಾರರ ಚಿತ್ರ ಅಚ್ಚುಹಾಕತೊಡಗಿದರು. ಮುಂದೆ ಆ ರಟ್ಟು ಸಿಗರೇಟನ್ನು ಬಿಟ್ಟು ಮಕ್ಕಳು ಅಗಿಯುವ ಗಮ್ಮಿನ ಜೊತೆ ಸೇರಿತು. ಬ್ರೂಕ್ಲಿನ್ನಿನ ಟಾಪ್ಸ್ ಎಂಬ ಗಮ್ ಕಂಪನಿ ೧೯೫೨ರಲ್ಲಿ ೪೦೭ ಕಾರ್ಡುಗಳ ದೊಡ್ಡ ಮಾಲೆಯನ್ನೇ ಹೊರಡಿಸಿತು. ಮುಂದೆ ಬಣ್ಣದ ಚಿತ್ರ. ಹಿಂದೆ ಆಟಗಾರನ ಹುಟ್ಟೂರು, ಎತ್ತರ, ತೂಕ, ನಾಲ್ಕಾರು ಸಾಲಿನ ಜೀವನಚರಿತ್ರೆ, ಆಟದ ಅಂಕಿಗಳು. ಅಮೆರಿಕದ ಎಷ್ಟೋ ಹುಡುಗರು ಈ ಹಿಂಬದಿಯಲ್ಲೇ ಲೆಕ್ಕದ ಸರಾಸರಿಯನ್ನೂ ಭೂಗೋಳವನ್ನೂ ಕಲಿತರು.

ನಮ್ಮ ಪೆಟ್ಟಿಗೆಯಲ್ಲಿ ೧೯೬೪ರ ಒಂದು ಕಾರ್ಡಿತ್ತು. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಕ್ಲೆಮೆಂಟೆಯದು. ನಾಲ್ಕು ಮೂಲೆಗಳೂ ಚೂಪಾಗಿದ್ದುವು. ಆ ವರ್ಷದ ಕಾರ್ಡುಗಳ ಹಿಂಬದಿಯಲ್ಲಿ ಒಂದು ಪ್ರಶ್ನೆ, ಅದರ ಕೆಳಗೆ ಬಿಳಿಯ ಜಾಗ. ನಾಣ್ಯದ ಅಂಚಿನಿಂದ ಉಜ್ಜಿದರೆ ಉತ್ತರ ಮೂಡುವಂತೆ ಏರ್ಪಾಡು. ವೃದ್ಧರು ಹುಡುಗನಾಗಿದ್ದಾಗ ಉಳಿದವನ್ನೆಲ್ಲ ಉಜ್ಜಿದ್ದರೂ ಇದೊಂದನ್ನು ಮುಟ್ಟಿರಲಿಲ್ಲ. ತಮ್ಮನ ಕಣ್ಣು ಅರಳಿತು. ಇದನ್ನು ದರ್ಜೆ ಕಟ್ಟುವ ಸಂಸ್ಥೆಗೆ ಕಳಿಸಬೇಕು. ಅವರು ಮೂಲೆ, ಅಂಚು, ಮೈ ನೋಡಿ ಹತ್ತಕ್ಕೆ ಇಷ್ಟೆಂದು ಅಂಕವಿತ್ತು ಗಟ್ಟಿ ಪ್ಲಾಸ್ಟಿಕ್ಕಿನ ಕವಚದೊಳಗೆ ಮುಚ್ಚಿ ಕಳಿಸುತ್ತಾರೆ. ಮಗನ ಕಾಲೇಜಿನ ಹೊತ್ತಿಗೆ ಇದೊಂದು ಮೊತ್ತವಾದೀತು ಎಂದು ಲೆಕ್ಕ ಹಾಕಿದ. ಉಜ್ಜದೆ ಉಳಿದ ಕಾರ್ಡಿಗೇ ಸಂಗ್ರಾಹಕರಲ್ಲಿ ಗೌರವ ಹೆಚ್ಚಂತೆ. ಉಜ್ಜಲೆಂದೇ ಮಾಡಿದ್ದನ್ನು ಉಜ್ಜದಿದ್ದವನಿಗೆ ಪಟ್ಟ!

ಮರುದಿನ ಹುಡುಗ ನನ್ನ ಬಳಿ ಬಂದು ಕುಳಿತ. "ದೊಡ್ಡಪ್ಪ, ಸೇತುವೆ ಮೇಲೆ ರಾಬರ್ಟೊ ಕ್ಲೆಮೆಂಟೆ ಅಂತಿದೆ. ಇದರಲ್ಲಿ ಬಾಬ್ ಕ್ಲೆಮೆಂಟೆ ಅಂತಿದೆ. ಇಬ್ಬರೂ ಒಬ್ಬರೇನಾ?" ಎಂದು ಕೇಳಿದ. ಪಿಟ್ಸ್‌ಬರ್ಗಿನಲ್ಲಿ ಆಟದ ಮೈದಾನಕ್ಕೆ ಹೋಗುವ ಸೇತುವೆಗೆ ೧೯೯೮ರಿಂದ ಆತನ ಹೆಸರೇ ಇದೆ. ಮಗುವಿನ ಪ್ರಶ್ನೆ ನನ್ನನ್ನು ಬೆಚ್ಚಿಬೀಳಿಸಿತು. ಇಬ್ಬರೂ ಕೂಡಿ ಪುಸ್ತಕ ಹುಡುಕಿ ಓದಿದೆವು. ಓದಿ ಮುಗಿದ ಮೇಲೆ ಹುಡುಗ, "ಇದನ್ನು ಉಜ್ಜಲಾ?" ಎಂದ. ನನ್ನ ಜೇಬಿನಲ್ಲಿ ನಮ್ಮೂರಿನದೇ ಒಂದು ರೂಪಾಯಿ ನಾಣ್ಯವಿತ್ತು. ಕೊಟ್ಟೆ. ಉಜ್ಜಿದ. ಮಸುಕು ಅಕ್ಷರದಲ್ಲಿ ಉತ್ತರ ಮೂಡಿತು. ಸಂಜೆ ತಮ್ಮ ಬಂದ, ನೋಡಿದ. ಮುಂದಿನದನ್ನು ಬರೆಯುವ ಅಗತ್ಯವಿಲ್ಲ.

ತಮ್ಮನ ವಾದ ಮೂರು ಬಗೆಯದು. ಒಂದು: ಬೆಲೆ ಬಂದದ್ದರಿಂದಲೇ ಹಳೆಯ ಕಾರ್ಡು ಉಳಿದಿದೆ, ಬೆಲೆಯಿಲ್ಲದಿದ್ದರೆ ಎಂದೋ ಕಸದ ಬುಟ್ಟಿ ಸೇರುತ್ತಿತ್ತು. ಎರಡು: ದರ್ಜೆ ಕಟ್ಟುವ ಸಂಸ್ಥೆಗಳಿಂದ ಮೋಸ ತಪ್ಪಿದೆ. ಮೂರು: ಆಟಗಾರರ ಕಥೆ ಬೇಕಾದವರು ಇಂಟರ್ನೆಟ್ಟಿನಲ್ಲಿ ಓದಿಕೊಳ್ಳಲಿ, ಅದಕ್ಕಾಗಿ ಬೆಲೆಬಾಳುವ ವಸ್ತುವನ್ನು ಕೆಡಿಸಬೇಕೆ? ಈ ಮೂರೂ ವಾದಗಳು ಹುರುಳಿಲ್ಲದವಲ್ಲ. ಒಂದೊಂದಾಗಿ ನೋಡೋಣ.

ಬೆಲೆ ಉಳಿಸುತ್ತದೆಂಬುದು ಅರ್ಧ ಸತ್ಯ. ೧೯೫೨ರ ಟಾಪ್ಸ್ ಮಾಲೆಯ ಕೊನೆಯ ಕಂತು ತಡವಾಗಿ ಅಂಗಡಿಗೆ ಬಂದು ಮಾರಾಟವಾಗದೆ ಉಳಿಯಿತು. ಮಾಲೆಯನ್ನು ರೂಪಿಸಿದ ಸೈ ಬರ್ಗರ್ ತಾನೇ ಹೇಳುತ್ತಿದ್ದ ಪ್ರಕಾರ, ಉಗ್ರಾಣದಲ್ಲಿ ಜಾಗವಿಲ್ಲವೆಂದು ೧೯೬೦ರಲ್ಲಿ ಆ ಪೆಟ್ಟಿಗೆಗಳನ್ನು ದೋಣಿಗೆ ತುಂಬಿಸಿ ಅಟ್ಲಾಂಟಿಕ್ ಸಾಗರದಲ್ಲಿ ಸುರಿಸಿದ. ಅದೇ ಕಂತಿನ ೩೧೧ನೆಯ ಕಾರ್ಡು ಮಿಕಿ ಮ್ಯಾಂಟಲ್‌ನದು. ೨೦೨೨ರಲ್ಲಿ ಅದರ ಒಂದು ಪ್ರತಿ ೧ ಕೋಟಿ ೨೬ ಲಕ್ಷ ಡಾಲರಿಗೆ ಹರಾಜಾಯಿತು. ಸಮುದ್ರಕ್ಕೆ ಎಸೆದದ್ದೂ ಬೆಲೆಯ ಲೆಕ್ಕವೇ, ಕೋಟಿಗೆ ಕೊಂಡದ್ದೂ ಬೆಲೆಯ ಲೆಕ್ಕವೇ. ಬೆಲೆಗೆ ಸ್ವಂತ ಕಣ್ಣಿಲ್ಲ. ನಿನ್ನೆ ಮುಳುಗಿಸಿದ್ದನ್ನೇ ಇಂದು ತಲೆಯ ಮೇಲೆ ಹೊರುತ್ತದೆ. ಅಂಥದರ ಕೈಗೆ ಕಾವಲು ಕೊಟ್ಟು ನಿಶ್ಚಿಂತರಾಗಿರಲು ಹೇಗೆ ಸಾಧ್ಯ?

ಆ ೧ ಕೋಟಿ ೨೬ ಲಕ್ಷದ ಸುದ್ದಿಯನ್ನು ಓದಿದವರಲ್ಲಿ ಮ್ಯಾಂಟಲ್‌ನ ಬಾಳನ್ನು ಓದಿದವರೆಷ್ಟು? ಆತನ ತಂದೆ ಒಕ್ಲಹಾಮಾದ ಸೀಸ ಮತ್ತು ಸತುವಿನ ಗಣಿಯಲ್ಲಿ ದುಡಿದವನು. ಮಗನನ್ನು ಗಣಿಗೆ ಇಳಿಸಬಾರದೆಂದು ಹಟತೊಟ್ಟು ಆಟ ಕಲಿಸಿದ. ೧೯೫೨ರ ಮೇ ತಿಂಗಳಲ್ಲಿ, ನಲವತ್ತರ ವಯಸ್ಸಿನಲ್ಲಿ ತೀರಿಕೊಂಡ. ಅದೇ ವರ್ಷ ಆ ನಗುಮುಖದ ಕಾರ್ಡು ಹೊರಬಂದದ್ದು. ಮಗ ಕೀರ್ತಿವಂತನಾದ, ಕುಡಿತಕ್ಕೂ ಬಿದ್ದ. ೧೯೯೫ರಲ್ಲಿ, ಸಾಯುವುದಕ್ಕೆ ಕೆಲವೇ ವಾರಗಳ ಮೊದಲು ಪತ್ರಕರ್ತರೆದುರು ಕುಳಿತು, ತನ್ನನ್ನು ಯಾರೂ ಮಾದರಿಯೆಂದು ತಿಳಿಯಬೇಡಿ ಎಂದು ಮನಬಿಚ್ಚಿ ಹೇಳಿದ. ಈ ಮನುಷ್ಯ ಆ ಪ್ಲಾಸ್ಟಿಕ್ ಕವಚದೊಳಗೆ ಇದ್ದಾನೆಯೆ? ಅಲ್ಲಿರುವುದು ಹತ್ತಕ್ಕೆ ಒಂಬತ್ತೂವರೆ ಎಂಬ ಅಂಕ ಮಾತ್ರ.

ಇನ್ನು ಮೋಸ ತಪ್ಪಿತೆಂಬ ಮಾತು. ಇದಕ್ಕೆ ಪಿಟ್ಸ್‌ಬರ್ಗಿನದೇ ಉತ್ತರವಿದೆ. ಅಲ್ಲಿನ ಮೈದಾನದ ಹೊರಗೆ ಹೋನಸ್ ವ್ಯಾಗ್ನರ್ ಎಂಬ ಆಟಗಾರನ ಪ್ರತಿಮೆ ನಿಂತಿದೆ. ಜರ್ಮನಿಯಿಂದ ವಲಸೆ ಬಂದವರ ಮಗ. ಎಳೆಯ ವಯಸ್ಸಿನಲ್ಲೇ ಕಲ್ಲಿದ್ದಲ ಗಣಿಯಲ್ಲಿ ಕೂಲಿ ಮಾಡಿದವನು. ಎಂಟು ಸಲ ತನ್ನ ಲೀಗಿನಲ್ಲಿ ಹೊಡೆತದ ಸರಾಸರಿಯಲ್ಲಿ ಮೊದಲಿಗನಾದ. ೧೯೩೬ರಲ್ಲಿ ಬೇಸ್‌ಬಾಲಿನ ಕೀರ್ತಿಭವನಕ್ಕೆ ಮೊಟ್ಟಮೊದಲು ಆರಿಸಿದ ಐವರಲ್ಲಿ ಒಬ್ಬ. ೧೯೦೯ರಿಂದ ೧೯೧೧ರವರೆಗೆ ಅಮೆರಿಕನ್ ಟೊಬ್ಯಾಕೋ ಕಂಪನಿ ಸಿಗರೇಟಿನ ಜೊತೆ ಹಂಚಿದ ಮಾಲೆಯಲ್ಲಿ ತನ್ನ ಚಿತ್ರ ಬೇಡವೆಂದ. ಮಕ್ಕಳು ಕಾರ್ಡಿನ ಆಸೆಗೆ ಸಿಗರೇಟು ಕೊಳ್ಳುವುದು ಆತನಿಗೆ ಹಿಡಿಸಲಿಲ್ಲವೆನ್ನುವವರಿದ್ದಾರೆ. ತಕ್ಕ ಹಣ ಕೊಡಲಿಲ್ಲವೆಂದು ಸಿಟ್ಟಾದನೆನ್ನುವವರೂ ಇದ್ದಾರೆ. ಹೇಗೂ ಇರಲಿ, ಅಚ್ಚು ನಿಂತಿತು. ಉಳಿದದ್ದು ಕೆಲವೇ ಪ್ರತಿಗಳು. ಅವುಗಳಲ್ಲೊಂದು ೨೦೨೨ರಲ್ಲಿ ೭೨ ಲಕ್ಷ ೫೦ ಸಾವಿರ ಡಾಲರಿಗೆ ಹೋಯಿತು.

ಇವುಗಳಲ್ಲೆಲ್ಲ ಅಂದಚಂದದ ಪ್ರತಿಯೊಂದಿತ್ತು. ೧೯೯೧ರಲ್ಲಿ ಹಾಕಿ ವೀರ ವೇಯ್ನ್ ಗ್ರೆಟ್ಸ್ಕಿ ಪಾಲುದಾರನೊಡನೆ ಅದನ್ನು ೪ ಲಕ್ಷ ೫೧ ಸಾವಿರ ಡಾಲರಿಗೆ ಕೊಂಡ. ದರ್ಜೆ ಕಟ್ಟುವವರು ಹತ್ತಕ್ಕೆ ಎಂಟು ಕೊಟ್ಟರು. ೨೦೦೭ರಲ್ಲಿ ಬೆಲೆ ೨೮ ಲಕ್ಷಕ್ಕೇರಿತು. ಆಮೇಲೆ, ೨೦೧೩ರಲ್ಲಿ, ಅದನ್ನು ಹಿಂದೆ ಮಾರಿದ್ದ ಬಿಲ್ ಮಾಸ್ಟ್ರೋ ಎಂಬ ಹರಾಜುಗಾರ ನ್ಯಾಯಾಲಯದಲ್ಲಿ ಒಪ್ಪಿಕೊಂಡ: ಕಾರ್ಡಿನ ಅಂಚನ್ನು ತಾನೇ ಕತ್ತರಿಸಿ ನೇರಮಾಡಿದ್ದೆನೆಂದು! ಮೂಲೆಯ ಚೂಪಿಗೆ ಬೆಲೆ ಕಟ್ಟಿದರೆ ಮೂಲೆ ಕತ್ತರಿಸುವ ಕತ್ತರಿಯೂ ಹುಟ್ಟುತ್ತದೆ. ಕಾವಲುಗಾರನನ್ನು ಕರೆತಂದ ರೋಗವೇ ಕಳ್ಳನನ್ನೂ ಕರೆತಂದಿತು.

ಇನ್ನೂ ಒಂದು ವಿನೋದವಿದೆ. ವ್ಯಾಗ್ನರನ ಈ ಕಾರ್ಡಿನ ಹಿಂಬದಿಯನ್ನು ತಿರುಗಿಸಿ ನೋಡಿದರೆ ಆತನ ವಿಷಯ ಒಂದಕ್ಷರವೂ ಇಲ್ಲ. ಇರುವುದು ಸಿಗರೇಟಿನ ಜಾಹೀರಾತು. ೧೯೧೧ರ ಬಂಗಾರದಂಚಿನ ಇನ್ನೊಂದು ಮಾಲೆಯಲ್ಲಿ ಪ್ರತಿಯೊಬ್ಬ ಆಟಗಾರನ ಚರಿತ್ರೆ ಅಚ್ಚಾಗಿದೆ. ಮಾರುಕಟ್ಟೆ ತಲೆಯ ಮೇಲೆ ಹೊತ್ತದ್ದು ಮೊದಲನೆಯದನ್ನು. ಆದರೂ ನೋಡಿ, ಆ ಮೂಕ ಕಾರ್ಡಿಗೂ ಬೆಲೆ ಬಂದದ್ದು ಒಬ್ಬ ಮನುಷ್ಯ "ಒಲ್ಲೆ" ಎಂದದ್ದರಿಂದ. ಬೆಲೆ ಕೂಡ ಕಡೆಗೆ ಕಥೆಯ ಬಾಗಿಲಲ್ಲೇ ಭಿಕ್ಷೆಗೆ ನಿಂತಿದೆ. ಆದರೆ ಯಜಮಾನಿಕೆಯ ದರ್ಪ ತೋರಿಸುತ್ತದೆ.

ಮೂರನೆಯ ವಾದ: ಕಥೆ ಹೇಗೂ ಸಿಕ್ಕುತ್ತದೆ ಎಂಬುದು. ಸಿಕ್ಕುತ್ತದೆ ನಿಜ; ಆದರೆ ಯಾರು ಹುಡುಕಿಟ್ಟದ್ದರಿಂದ? ಅದೇ ಪಿಟ್ಸ್‌ಬರ್ಗಿನಲ್ಲಿ ಜಾಶ್ ಗಿಬ್ಸನ್ ಎಂಬೊಬ್ಬ ಆಡಿದ. ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳ ಮಹಾ ಹೊಡೆತಗಾರ. ಆತನ ಬಣ್ಣ ಕಪ್ಪು. ಆದ್ದರಿಂದ ಬಿಳಿಯರ ದೊಡ್ಡ ಲೀಗುಗಳ ಬಾಗಿಲು ಮುಚ್ಚಿತ್ತು. ಆಗ ನೀಗ್ರೋ ಲೀಗ್ ಎಂದು ಕರೆಯುತ್ತಿದ್ದ ಬೇರೆ ಪಂಕ್ತಿಯಲ್ಲೇ ಬಾಳೆಲ್ಲ ಆಡಬೇಕಾಯಿತು. ೧೯೪೭ರ ಜನವರಿಯಲ್ಲಿ, ೩೫ರ ವಯಸ್ಸಿನಲ್ಲಿ ಸತ್ತ. ಮೂರು ತಿಂಗಳು ಕಳೆಯುವುದರೊಳಗೆ ಜಾಕಿ ರಾಬಿನ್‌ಸನ್ ಆ ಬಾಗಿಲನ್ನು ತೆರೆದ. ಗಿಬ್ಸನ್ ಬದುಕಿದ್ದಾಗ ಅಮೆರಿಕದ ಯಾವ ಸಿಗರೇಟು ಕಂಪನಿಯೂ ಯಾವ ಗಮ್ ಕಂಪನಿಯೂ ಆತನ ಕಾರ್ಡು ಅಚ್ಚು ಹಾಕಲಿಲ್ಲ. ಸತ್ತ ಮೇಲೆ ಪೋರ್ಟೊ ರಿಕೋ ದ್ವೀಪದವರು ಒಂದು ಹಾಕಿದರು. ಗೋರಿಯ ಮೇಲೆ ೧೯೭೫ರವರೆಗೆ ಹೆಸರಿನ ಕಲ್ಲು ಕೂಡ ಇರಲಿಲ್ಲ.

ಇಂಥವರ ಆಟದ ಲೆಕ್ಕವನ್ನು ಪುನಃ ಕಟ್ಟಿದವರು ಯಾರು? ಹಳೆಯ ಪತ್ರಿಕೆಗಳ, ಅದರಲ್ಲೂ ಕಪ್ಪುಜನರ ಪತ್ರಿಕೆಗಳ, ಮಾಸಿದ ಪುಟಗಳನ್ನು ಒಂದೊಂದಾಗಿ ತಿರುವಿ, ಆಟದಾಟದ ಅಂಕಿ ಬರೆದುಕೊಂಡ ಸಂಶೋಧಕರು. ಹರಾಜಿನ ಅಂಗಡಿಯವರಲ್ಲ. ಅವರ ದುಡಿಮೆಯ ಫಲವಾಗಿ ೧೯೨೦ರಿಂದ ೧೯೪೮ರವರೆಗಿನ ಆ ಲೀಗುಗಳೂ ದೊಡ್ಡ ಲೀಗುಗಳೇ ಎಂದು ೨೦೨೦ರಲ್ಲಿ ಒಪ್ಪಿದರು; ೨೦೨೪ರ ಮೇ ತಿಂಗಳಲ್ಲಿ ಎರಡು ಸಾವಿರದ ಮುನ್ನೂರಕ್ಕೂ ಹೆಚ್ಚು ಆಟಗಾರರ ಅಂಕಿಗಳು ಅಧಿಕೃತ ದಾಖಲೆಗೆ ಸೇರಿದುವು. ಹೊಡೆತದ ಸರಾಸರಿಯಲ್ಲಿ ಅಲ್ಲಿಯವರೆಗೆ ಟೈ ಕಾಬ್ ಮೊದಲಿಗನಾಗಿದ್ದ, ಸಾವಿರಕ್ಕೆ ೩೬೭. ಈಗ ಮೊದಲಿಗ ಗಿಬ್ಸನ್, ಸಾವಿರಕ್ಕೆ ೩೭೨. ಸತ್ತು ಎಪ್ಪತ್ತೇಳು ವರ್ಷದ ಮೇಲೆ ಮನುಷ್ಯನಿಗೆ ಅವನ ಸ್ಥಾನ ಸಿಕ್ಕಿತು. ಇದನ್ನು ದೊರಕಿಸಿದ್ದು ಓದುವವರ ಹಟ. ಕಾರ್ಡೇ ಇಲ್ಲದವನ ಹಿಂಬದಿಯನ್ನೂ ಅವರು ಓದಿದರು!

ಸಂಗ್ರಹಣವೇ ತಪ್ಪೆಂದು ನಾನು ಹೇಳುತ್ತಿಲ್ಲ. ಸಂಗ್ರಾಹಕರಲ್ಲಿ ಋಷಿಗಳೂ ಇದ್ದಾರೆ. ನ್ಯೂಯಾರ್ಕ್ ಸಂಸ್ಥಾನದ ಸೈರಕ್ಯೂಸಿನಲ್ಲಿ ವಿದ್ಯುತ್ ಉಪಕರಣದ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ ಜೆಫರ್ಸನ್ ಬರ್ಡಿಕ್ ಅಂಥವನು. ಕೀಲುನೋವಿನಿಂದ ಬೆರಳುಗಳು ಸೊಟ್ಟಗಾಗಿದ್ದುವು. ಮೂರು ಲಕ್ಷಕ್ಕೂ ಹೆಚ್ಚು ಕಾರ್ಡುಗಳನ್ನು ಕೂಡಿಸಿ, ಅವಕ್ಕೊಂದು ಸೂಚಿ ರಚಿಸಿ, ಎಲ್ಲವನ್ನೂ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಲಾಸಂಗ್ರಹಾಲಯಕ್ಕೆ ದಾನವಿತ್ತ. ವರ್ಷಗಟ್ಟಲೆ ಅಲ್ಲಿಗೆ ಹೋಗಿ ತನ್ನ ಕೈಯಾರೆ ಆಲ್ಬಮ್ಮುಗಳಿಗೆ ಅಂಟಿಸಿದ. ೧೯೬೩ರ ಜನವರಿಯಲ್ಲಿ ಕೆಲಸ ಮುಗಿಯಿತು. ಮಾರ್ಚಿಯಲ್ಲಿ ಬದುಕು ಮುಗಿಯಿತು. ಅಂದು ಆತನ ಸೂಚಿಯಲ್ಲಿ ವ್ಯಾಗ್ನರನ ಕಾರ್ಡಿನ ಬೆಲೆ ಐವತ್ತು ಡಾಲರ್. ಇಂದಿನ ದರ್ಜೆಗಾರರ ಕಣ್ಣಿಗೆ ಅಂಟು ಹಚ್ಚಿದ ಕಾರ್ಡು ಕೆಟ್ಟ ಕಾರ್ಡು. ನನ್ನ ವಾದಕ್ಕೂ ಆತ ಪೂರ್ತಿ ಒದಗುವವನಲ್ಲ. ಅಂಟಿಸಿದ್ದರಿಂದ ಹಿಂಬದಿ ಮುಚ್ಚಿತಲ್ಲ! ಆದರೂ ಆತ ಮುಚ್ಚಿದ್ದು ನಾಲ್ಕು ಜನ ನೋಡಲೆಂದು, ಮಾರಲೆಂದಲ್ಲ. ಬೆಲೆಯ ಆಸೆಯಿಲ್ಲದೆಯೂ ವಸ್ತು ಉಳಿಯಬಲ್ಲದೆಂಬುದಕ್ಕೆ ಆತನಿಗಿಂತ ದೊಡ್ಡ ಸಾಕ್ಷಿ ಬೇಕೆ?

ಅಮೆರಿಕದವರನ್ನು ಹಳಿದು ನಾವು ಮೀಸೆ ತಿರುವುವಂತಿಲ್ಲ. ಕನ್ನಡ ಪಾಠ ಹೇಳುವವನಾಗಿ ಓಲೆಗರಿಗಳನ್ನು ಹುಡುಕಿಕೊಂಡು ನಾನು ಕೆಲವು ಮನೆಗಳ ಅಟ್ಟ ಹತ್ತಿದ್ದೇನೆ. ಕೆಂಪು ವಸ್ತ್ರದಲ್ಲಿ ಸುತ್ತಿ, ನವರಾತ್ರಿಗೊಮ್ಮೆ ಅರಿಸಿನ ಕುಂಕುಮ ಏರಿಸಿ, ಮತ್ತೆ ಕಟ್ಟಿಡುತ್ತಾರೆ. "ಬಿಚ್ಚಬೇಡಿ ಸ್ವಾಮಿ, ಮುರಿದೀತು" ಎನ್ನುತ್ತಾರೆ. ಅಷ್ಟರಲ್ಲಿ ಹುಳು ಓದಿ ಮುಗಿಸಿರುತ್ತದೆ. ಅವರದು ಪ್ಲಾಸ್ಟಿಕ್ ಕವಚ, ನಮ್ಮದು ಕೆಂಪು ವಸ್ತ್ರ. ಓದದಿರುವ ವಿದ್ಯೆಯಲ್ಲಿ ಇಬ್ಬರೂ ಸಮಾನರು.

ಈಗ ಕ್ಲೆಮೆಂಟೆಯ ಮಾತಿಗೆ ಬರೋಣ. ಪೋರ್ಟೊ ರಿಕೋದ ಕರೊಲೀನಾ ಊರಿನಲ್ಲಿ ೧೯೩೪ರಲ್ಲಿ ಹುಟ್ಟಿದವನು, ತಾಯ್ನುಡಿ ಸ್ಪ್ಯಾನಿಷ್. ೧೯೫೫ರಲ್ಲಿ ಪಿಟ್ಸ್‌ಬರ್ಗಿಗೆ ಬಂದ. ಟಾಪ್ಸಿನವರ ಮೊದಲ ಎರಡು ಕಾರ್ಡುಗಳಲ್ಲಿ ರಾಬರ್ಟೊ ಎಂದೇ ಇತ್ತು. ೧೯೫೭ರಿಂದ ೧೯೬೯ರವರೆಗೆ ಅದು ಬಾಬ್ ಆಯಿತು. ತನ್ನ ಹೆಸರು ರಾಬರ್ಟೊ ಎಂಬುದರಲ್ಲಿ ಆತನಿಗೆ ಅಭಿಮಾನವಿತ್ತು. ಅಚ್ಚುಹಾಕುವವರಿಗೆ ತಮ್ಮ ನಾಲಗೆಯ ಸೌಕರ್ಯ ದೊಡ್ಡದಾಯಿತು. ಆತನ ಇಂಗ್ಲಿಷಿನ ಉಚ್ಚಾರಣೆಯನ್ನು ಅಣಕಿಸುವಂತೆ ಅಕ್ಷರಗಳನ್ನು ತಿರುಚಿ ಬರೆದ ಪತ್ರಕರ್ತರೂ ಇದ್ದರು. ಆತ ಆಡುತ್ತಲೇ ಹೋದ. ೧೯೭೨ರ ಸೆಪ್ಟೆಂಬರ್ ೩೦ರಂದು ತನ್ನ ಮೂರು ಸಾವಿರದ ಹೊಡೆತ ಹೊಡೆದ. ಆ ಡಿಸೆಂಬರಿನಲ್ಲಿ ನಿಕರಾಗ್ವಾ ದೇಶದ ಮನಾಗ್ವಾ ನಗರ ಭೂಕಂಪದಿಂದ ನೆಲಸಮವಾಯಿತು. ನೊಂದವರಿಗೆ ಸಾಮಗ್ರಿ ತುಂಬಿಸಿಕೊಂಡು, ವರ್ಷದ ಕಡೆಯ ರಾತ್ರಿ ತಾನೇ ವಿಮಾನ ಹತ್ತಿದ. ವಿಮಾನ ಸಮುದ್ರಕ್ಕೆ ಬಿತ್ತು. ವಯಸ್ಸು ೩೮. ದೇಹ ಸಿಕ್ಕಲೇ ಇಲ್ಲ.

ಹೆಸರು ಕಸಿದುಕೊಂಡದ್ದರ ನೋವು ಏನೆಂದು ಪರದೇಶದಲ್ಲಿ ಬೆಳೆಯುವ ಕನ್ನಡದ ಹುಡುಗನಿಗೆ ಯಾರೂ ವಿವರಿಸಬೇಕಾಗಿಲ್ಲ. ನಮ್ಮ ಹುಡುಗನ ನಾಲ್ಕಕ್ಷರದ ಹೆಸರನ್ನು ಶಾಲೆಯಲ್ಲಿ ಕತ್ತರಿಸಿ ಒಂದಕ್ಷರ ಮಾಡಿದ್ದಾರೆ; ಅವನೂ ಒಪ್ಪಿಕೊಂಡಿದ್ದಾನೆ. ಆ ದಿನ ಕಥೆ ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅವರು ಬೇಡ ಅಂದರೂ ಹಾಗೇ ಬರೆದರಾ?" ಎಂದು ಕೇಳಿದ. ಈ ಪ್ರಶ್ನೆ ಹತ್ತಕ್ಕೆ ಹತ್ತು ದರ್ಜೆಯ ಯಾವ ಕಾರ್ಡಿನಿಂದಲೂ ಹುಟ್ಟುತ್ತಿರಲಿಲ್ಲ. ಕೈಯಲ್ಲಿ ಹಿಡಿದು, ತಿರುಗಿಸಿ, ಕಣ್ಣಿಗೆ ಹತ್ತಿರ ತಂದು ಓದಿದ್ದರಿಂದ ಹುಟ್ಟಿತು. ಉಜ್ಜಿದಾಗ ಮೂಡಿದ ಉತ್ತರ ಏನೋ ಒಂದು ಸಾಮಾನ್ಯ ಪ್ರಶ್ನೆಯದು. ಅದಕ್ಕೂ ಕ್ಲೆಮೆಂಟೆಗೂ ಸಂಬಂಧವಿಲ್ಲ. ಇದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅರವತ್ತು ವರ್ಷ ಕಾದಿದ್ದ ಒಂದು ಆಟವನ್ನು ಒಬ್ಬ ಹುಡುಗ ಆಡಿ ಮುಗಿಸಿದ. ಅದು ಹಾನಿಯೆ?

ಆಟಗಾರರಿಗಾದರೂ ಈ ಬೆಲೆಯಿಂದ ಏನು ಬಂದಿತು? ಆ ಕಾಲದಲ್ಲಿ ಮುಖ ಅಚ್ಚುಹಾಕಲು ಟಾಪ್ಸಿನವರು ಕೊಡುತ್ತಿದ್ದದ್ದು ವರ್ಷಕ್ಕೆ ೧೨೫ ಡಾಲರ್. ಮಾರ್ವಿನ್ ಮಿಲ್ಲರ್ ಎಂಬುವನು ಆಟಗಾರರ ಸಂಘದ ಮುಂದಾಳಾಗಿ ಬಂದು ಹೋರಾಡಿದ ಮೇಲೆ, ೧೯೬೮ರಲ್ಲಿ ಅದು ೨೫೦ ಆಯಿತು. ಮಾರಾಟದಲ್ಲಿ ಪಾಲೂ ದೊರೆಯಿತು. ಕೋಟಿಗಳ ಹರಾಜಿನ ಸುದ್ದಿಯ ಪಕ್ಕದಲ್ಲಿ ಈ ಅಂಕಿಯನ್ನೂ ಅಚ್ಚು ಹಾಕಬೇಕು.

"ದುಡ್ಡೇ ದೊಡ್ಡಪ್ಪ" ಎಂಬ ಗಾದೆಯನ್ನು ತಮ್ಮ ಆ ಸಂಜೆ ನನ್ನ ಮುಖಕ್ಕೇ ಎಸೆದ. ಗಾದೆಯ ಇನ್ನರ್ಧವನ್ನು ಅವನಿಗೆ ನೆನಪಿಸುತ್ತೇನೆ: ವಿದ್ಯೆಯೇ ಅವರಪ್ಪ. ಆ ಮನೆಯಲ್ಲಿ ನಿಜವಾದ ದೊಡ್ಡಪ್ಪನೊಬ್ಬ ಕುಳಿತಿದ್ದಾನೆಂಬುದನ್ನಾದರೂ ಅವನು ಗಮನಿಸಬಹುದಿತ್ತು.

ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಮಗನ ಹೆಸರಿಗೆ ತಂದೆ ಕಟ್ಟಿದ್ದ ಲೆಕ್ಕವನ್ನು ತಂದೆಗೆ ಹೇಳದೆ ಕೆಡಿಸುವ ಅಧಿಕಾರ ನನಗಿರಲಿಲ್ಲ. ನಾಣ್ಯ ಕೊಡುವ ಮೊದಲು ಅವನನ್ನೊಂದು ಮಾತು ಕೇಳಬೇಕಿತ್ತು. ಇದಕ್ಕಾಗಿ ಈ ಪತ್ರಿಕೆಯ ಮೂಲಕವೇ ಅವನ ಕ್ಷಮೆ ಕೇಳುತ್ತೇನೆ. ಆದರೆ ನಾಣ್ಯ ಕೊಟ್ಟದ್ದಕ್ಕಲ್ಲ, ಕೇಳದೆ ಕೊಟ್ಟದ್ದಕ್ಕೆ.

ನಿಮ್ಮ ಮನೆಯಲ್ಲೂ ಎಲ್ಲಾದರೂ ಒಂದು ಪೆಟ್ಟಿಗೆ ಇದ್ದೀತು. ಬೆಂಕಿಪೊಟ್ಟಣದ ಚಿತ್ರವೋ, ಅಂಚೆಚೀಟಿಯೋ, ಅಜ್ಜನ ಕಾಲದ ಪಟವೋ. ಅದರ ಬೆಲೆ ಎಷ್ಟೆಂದು ಅಂಗಡಿಯವನನ್ನು ಕೇಳುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಹಿಂಬದಿಯಲ್ಲಿ ಯಾರದೋ ಹೆಸರಿರುತ್ತದೆ. ಅದನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ. ಸರಿಯಾಗಿ ಉಚ್ಚರಿಸಿ ಹೇಳಿ.